356 ಮೈಲಿ ಓಡಿದ ಕಾರು

ಹೈದರಾಬಾದಿನ ಹಳೆಯ ಊರಿನಲ್ಲಿ, ಚಾರ್‌ಮಿನಾರ್‌ನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಚೌಮಹಲ್ಲಾ ಅರಮನೆ ಇದೆ. ದರ್ಬಾರ್ ಹಾಲಿನ ಬೆಲ್ಜಿಯಂ ಗಾಜಿನ ತೂಗುದೀಪಗಳನ್ನು ನೋಡಿ ಹೊರಬಂದವರು ಕಾರುಗಳಿರುವ ಕಡೆಗೆ ತಿರುಗುತ್ತಾರೆ. ಅಲ್ಲಿ ಎಲ್ಲರೂ ನಿಂತು ನೋಡುವುದು ಹಳದಿ ಬಣ್ಣದ ಒಂದು ಕಾರನ್ನು. ಅದು 1912ರ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್. ಲಂಡನ್ನಿನ ಬಾರ್ಕರ್ ಕಂಪನಿ ಅದರ ಮೈ ಕಟ್ಟಿತು. ಹಿಂದಿನ ಆಸನ ಸಿಂಹಾಸನದಂತೆ ಎತ್ತರದಲ್ಲಿದೆ. ಹಾಗಾಗಿಯೇ ಅದಕ್ಕೆ ‘ಸಿಂಹಾಸನದ ಕಾರು’ ಎಂಬ ಹೆಸರು.

ಕಾರನ್ನು ತರಿಸಲು ಹೇಳಿದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. ಅದು ಕೈಗೆ ಬರುವ ಮೊದಲೇ, 1911ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಕಾರು ಬಂದದ್ದು ಮಗ ಮೀರ್ ಉಸ್ಮಾನ್ ಅಲಿ ಖಾನ್ ಆಳ್ವಿಕೆಗೆ. ವಿಶೇಷ ಸಂದರ್ಭಗಳಲ್ಲಿ ಮಾತ್ರ ಹೊರಗೆ ಬರುತ್ತಿದ್ದ ಅದು ನಿಜಾಮರ ಕಾಲದಲ್ಲಿ ಓಡಿದ್ದು ಕೇವಲ 356 ಮೈಲಿ ಎಂಬುದು ಹೈದರಾಬಾದಿನಲ್ಲಿ ಮನೆಮಾತು. ಕಿಲೋಮೀಟರಿಗೆ ಇಳಿಸಿದರೆ 573. ಹೈದರಾಬಾದಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ. ಹೋಗಿ ವಾಪಸು ಬರುವಷ್ಟೂ ಓಡಲಿಲ್ಲ, ಬರೀ ಹೋಗುವಷ್ಟು. ಏಳನೆಯ ನಿಜಾಮ ತೀರಿಕೊಂಡದ್ದು 1967ರಲ್ಲಿ. 55 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಆರೂವರೆ ಮೈಲಿ.

ನೋಡುವವರಿಗೆ ಈ ಲೆಕ್ಕ ಖುಷಿ ಕೊಡುತ್ತದೆ. ಹೆಚ್ಚು ಓಡಿಲ್ಲ ಎಂದರೆ ಹೊಸದರಂತೆಯೇ ಉಳಿದಿರಬೇಕಲ್ಲವೇ? ಹಳೆಯ ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಮಾತ್ರ ಇದೇ ಲೆಕ್ಕ ಕೇಳಿ ಹುಬ್ಬು ಗಂಟಿಕ್ಕುತ್ತಾನೆ. ಅವನ ಅನುಭವದಲ್ಲಿ ಓಡಿ ಸವೆದ ಎಂಜಿನ್‌ಗಿಂತ ನಿಂತು ಕೆಟ್ಟ ಎಂಜಿನ್ ಕಷ್ಟದ್ದು. ಸವೆತವನ್ನು ಅಳೆಯಬಹುದು. ನಿಂತು ಕೆಟ್ಟದ್ದು ಒಳಗೆಲ್ಲೋ ಅಡಗಿರುತ್ತದೆ, ಎಂಜಿನ್ ಶುರುವಾದ ಮೇಲೆಯೇ ಅದು ಹೊರಬೀಳುವುದು.

ಓಡಿದ ಕಾರಿನ ಉದಾಹರಣೆಯೂ ಇದೇ ಮನೆತನದಲ್ಲಿದೆ. ‘ಸಿಲ್ವರ್ ಘೋಸ್ಟ್’ ಎಂಬ ಹೆಸರು ಮೊದಲು ಸಿಕ್ಕಿದ್ದು ಎಎಕ್ಸ್ 201 ನಂಬರಿನ, ಬೆಳ್ಳಿ ಬಣ್ಣದ ಒಂದು ಕಾರಿಗೆ. 1907ರಲ್ಲಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಕಣ್ಗಾವಲಿನಲ್ಲಿ ಅದನ್ನು ಲಂಡನ್ ಮತ್ತು ಗ್ಲಾಸ್ಗೊ ನಡುವೆ ಹಗಲೂ ರಾತ್ರಿ ಓಡಿಸಿದರು. ಒಟ್ಟು 15,000 ಮೈಲಿ. ಅದರಲ್ಲಿ 14,371 ಮೈಲಿ ಎಲ್ಲೂ ಕೆಟ್ಟು ನಿಲ್ಲದೆ ಸಾಗಿತು. ಆಮೇಲೆ ಎಲ್ಲವನ್ನೂ ಬಿಚ್ಚಿ ಅಳೆದರು. ಕಾರನ್ನು ಮತ್ತೆ ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ ಎರಡು ಪೌಂಡ್ ಎರಡು ಶಿಲಿಂಗ್ ಏಳು ಪೆನ್ಸ್ ಎಂದು ಲೆಕ್ಕ ಹಾಕಿದರು. ಎಂಜಿನ್‌ನ ಬೇರಿಂಗ್‌ಗಳು ಸವೆದೇ ಇರಲಿಲ್ಲ ಎನ್ನಬೇಕು.

ಒಂದೇ ಜಾತಿಯ ಎರಡು ಕಾರುಗಳು. ಒಂದು ಕೆಲವೇ ವಾರಗಳಲ್ಲಿ ಓಡಿದ್ದರ ನಲವತ್ತನೆಯ ಒಂದು ಭಾಗವನ್ನೂ ಇನ್ನೊಂದು ಅರ್ಧ ಶತಮಾನದಲ್ಲಿ ಓಡಲಿಲ್ಲ. ಈ ಅಂತರದ ಒಳಗೆ ಎಂಜಿನ್‌ನಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂಬ ಕಥೆ ಇದೆ.

ಹೊರಗೆ ಬಂದ ಬಿರಡೆ

ಎತ್ತಿನ ಬಂಡಿ ಕಂಡವರಿಗೆ ಕೀಲೆಣ್ಣೆ ಹೊಸದಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ, ಒಂದು ಗೊಟ್ಟದಲ್ಲಿ ತುಂಬಿ, ಬಂಡಿಯ ಕೆಳಗೆ ತೂಗುಹಾಕುತ್ತಿದ್ದರು. ಗಾಲಿ ಕಿರುಗುಟ್ಟಿದರೆ ಅಚ್ಚಿಗೆ ಸವರುವುದು. ಲೋಹಕ್ಕೆ ಲೋಹ ಉಜ್ಜಬಾರದು, ನಡುವೆ ಜಿಡ್ಡು ಇರಬೇಕು ಎಂಬ ತಿಳಿವಳಿಕೆ ಗಾಲಿಯಷ್ಟೇ ಹಳೆಯದು. ಆದರೆ ಜಿಡ್ಡು ನಿಜವಾಗಿ ಏನು ಮಾಡುತ್ತದೆ ಎಂಬುದು ತಿಳಿದದ್ದು 1883ರ ಸುಮಾರಿಗೆ, ಅದೂ ಆಕಸ್ಮಿಕವಾಗಿ.

ಬೋಶಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲಿನ ಅಚ್ಚುಗಳ ಘರ್ಷಣೆಯನ್ನು ಅಳೆಯುತ್ತಿದ್ದ. ನಾಲ್ಕು ಇಂಚು ದಪ್ಪದ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಹಿತ್ತಾಳೆಯ ಬೇರಿಂಗ್ ಭಾರ ಹೊತ್ತು ಕೂತಿತ್ತು. ಎಣ್ಣೆ ಬಿಡಲೆಂದು ಬೇರಿಂಗ್‌ನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗಿದಾಗ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದ, ಬಿರಡೆ ಹೊರಗೆ ಬಂತು. ಮರದ ಗೂಟ ಬಡಿದ, ಅದೂ ನಿಧಾನವಾಗಿ ಎದ್ದು ಬಂತು. ಒತ್ತಡ ಅಳೆಯುವ ಗೇಜ್ ಜೋಡಿಸಿದರೆ ಅದರ ಮುಳ್ಳು ಕೊನೆಯ ಗುರುತಾದ 200 ಪೌಂಡನ್ನೂ ದಾಟಿತು. ಬೇರಿಂಗ್ ಮೇಲಿನ ಸರಾಸರಿ ಹೊರೆ ಚದರ ಇಂಚಿಗೆ ಅದರ ಅರ್ಧದಷ್ಟೇ ಇತ್ತು.

ಇದರ ಅರ್ಥ ಇಷ್ಟು: ತಿರುಗುವ ಅಚ್ಚು ತನ್ನ ಜೊತೆ ಎಣ್ಣೆಯನ್ನು ಎಳೆದುಕೊಂಡು ಕಿರಿದಾಗುವ ಸಂದಿಗೆ ನುಗ್ಗಿಸುತ್ತದೆ. ಅಲ್ಲಿ ಹುಟ್ಟುವ ಒತ್ತಡವೇ ಭಾರವನ್ನು ಎತ್ತಿ ಹಿಡಿಯುತ್ತದೆ. ಲೋಹ ತೇಲುತ್ತಿರುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟ. ಇಂದಿನವರೆಗೂ ಪ್ರತಿ ಕಾರಿನ ಬೇರಿಂಗ್ ವಿನ್ಯಾಸ ಆ ಗಣಿತದ ಮೇಲೆಯೇ ನಿಂತಿದೆ.

ಇದರಲ್ಲಿ ಒಂದು ಕಿರುಷರತ್ತು ಅಡಗಿದೆ. ತೇಲಿಸುವ ಒತ್ತಡವನ್ನು ಹುಟ್ಟಿಸುವುದು ಪಂಪ್ ಅಲ್ಲ, ತಿರುಗುವಿಕೆ. ಪಂಪ್‌ನ ಕೆಲಸ ಸಂದಿಗೆ ಎಣ್ಣೆ ತಲುಪಿಸುವುದಷ್ಟೇ. ಎಂಜಿನ್ ನಿಂತ ಕೂಡಲೇ ಪದರ ಹಿಸುಕಿಹೋಗುತ್ತದೆ, ಅಚ್ಚು ಬೇರಿಂಗ್ ಮೇಲೆ ಕೂರುತ್ತದೆ. ಹಾಗಾಗಿ ಎಂಜಿನ್‌ನ ಆಯುಸ್ಸು ಬಹುಮಟ್ಟಿಗೆ ಸವೆಯುವುದು ಶುರುವಾಗುವ ಮೊದಲ ಕ್ಷಣಗಳಲ್ಲಿ. ದಿನವೂ ಓಡುವ ಎಂಜಿನ್‌ನಲ್ಲಿ ಹಿಂದಿನ ದಿನದ ಜಿಡ್ಡು ಇನ್ನೂ ಇರುತ್ತದೆ. ವರ್ಷಕ್ಕೆ ಆರೂವರೆ ಮೈಲಿ ಓಡುವ ಎಂಜಿನ್‌ಗೆ ಪ್ರತಿ ಓಟವೂ ಒಣ ಲೋಹದ ಮೇಲಿನ ಆರಂಭವೇ.

ಟೊಳ್ಳಾದ ಕ್ರಾಂಕ್‌ಶಾಫ್ಟ್

ಸಿಲ್ವರ್ ಘೋಸ್ಟ್ ಕಾಲದ ಹೆಚ್ಚಿನ ಕಾರುಗಳಲ್ಲಿ ಎಣ್ಣೆಯ ವ್ಯವಸ್ಥೆ ಬಂಡಿಯ ಕೀಲೆಣ್ಣೆಗಿಂತ ಬಹಳ ಮುಂದೆ ಹೋಗಿರಲಿಲ್ಲ. 1908ರಿಂದ ಲಕ್ಷಗಟ್ಟಲೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಎಣ್ಣೆಯ ಪಂಪೇ ಇರಲಿಲ್ಲ. ತಿರುಗುವ ಭಾಗಗಳು ತೊಟ್ಟಿಯ ಎಣ್ಣೆಗೆ ಬಡಿದು ಎರಚಾಡಿದ್ದೇ ಎಲ್ಲಕ್ಕೂ ಸಿಗಬೇಕಿತ್ತು.

ಬಲವಂತವಾಗಿ ಎಣ್ಣೆ ನುಗ್ಗಿಸುವ ಉಪಾಯ ಬಂದದ್ದು ಉಗಿ ಎಂಜಿನ್‌ಗಳಿಂದ. 1890ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬೆಲ್ಲಿಸ್ ಕಂಪನಿಯ ಆಲ್ಬರ್ಟ್ ಪೇನ್ ಪಂಪ್‌ನಿಂದ ಬೇರಿಂಗ್‌ಗಳಿಗೆ ಎಣ್ಣೆ ಒತ್ತುವ ವ್ಯವಸ್ಥೆಗೆ ಪೇಟೆಂಟ್ ಪಡೆದ. ಹೆನ್ರಿ ರಾಯ್ಸ್ ಅದನ್ನು ತನ್ನ ಕಾರಿಗೆ ತಂದ. ಮೂರು ಮೂರು ಸಿಲಿಂಡರಿನ ಎರಡು ಬ್ಲಾಕ್, ಒಟ್ಟು ಆರು ಸಿಲಿಂಡರ್, 1910ರಿಂದ 7,428 ಸಿಸಿ, ಕ್ರಾಂಕ್‌ಶಾಫ್ಟಿಗೆ ಏಳು ಬೇರಿಂಗ್. ಆ ಕ್ರಾಂಕ್‌ಶಾಫ್ಟ್ ಟೊಳ್ಳು. ಎಣ್ಣೆ ಪಂಪ್‌ನಿಂದ ಮುಖ್ಯ ಬೇರಿಂಗ್‌ಗೆ, ಅಲ್ಲಿಂದ ಕ್ರಾಂಕ್‌ಶಾಫ್ಟ್ ಒಳಗೆ ಕೊರೆದ ದಾರಿಯಲ್ಲಿ ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗ್‌ಗೆ ಹೋಗುತ್ತದೆ. ಬೇರಿಂಗ್‌ಗಳಿಗೆ ಎರಕ ಹೊಯ್ದದ್ದು ಬಿಳಿ ಲೋಹ, ಅಂದರೆ ತವರಕ್ಕೆ ತಾಮ್ರ, ಆಂಟಿಮನಿ ಸೇರಿಸಿದ ಮೆತ್ತನೆಯ ಮಿಶ್ರಣ. ಅದರ ಗುಣವೆಂದರೆ ಎಣ್ಣೆಯಲ್ಲಿ ಬಂದ ಮರಳಿನ ಕಣವನ್ನು ತನ್ನೊಳಗೆ ಹುದುಗಿಸಿಕೊಂಡು ಅಚ್ಚನ್ನು ಕಾಪಾಡುತ್ತದೆ. ದೋಷವೆಂದರೆ ಎಣ್ಣೆ ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಕರಗಿ ಒರೆಸಿಕೊಂಡು ಹೋಗುತ್ತದೆ.

ಆಗ ಕಾರುಗಳಿಗೆ ಎಣ್ಣೆಯ ಫಿಲ್ಟರ್ ಇರಲಿಲ್ಲ. ಅದು ಬಂದದ್ದು 1920ರ ದಶಕದಲ್ಲಿ. ಗಾಳಿಯ ಫಿಲ್ಟರ್ ಕೂಡ ಇರಲಿಲ್ಲ, ದಖ್ಖನಿನ ಧೂಳು ನೇರವಾಗಿ ಸಿಲಿಂಡರಿಗೆ ಹೋಗುತ್ತಿತ್ತು. ಫಿಲ್ಟರ್ ಇಲ್ಲದ ಎಂಜಿನ್‌ನಲ್ಲಿ ಆ ಕೆಲಸವನ್ನು ತನಗೇ ಗೊತ್ತಿಲ್ಲದೆ ಮಾಡುತ್ತಿದ್ದದ್ದು ಟೊಳ್ಳಾದ ಕ್ರಾಂಕ್‌ಶಾಫ್ಟ್. ಮಜ್ಜಿಗೆ ಕಡೆಯುವಾಗ ಬೆಣ್ಣೆ ಬೇರೆಯಾಗುವ ಹಾಗೆ, ಸುತ್ತುವ ರಭಸಕ್ಕೆ ಎಣ್ಣೆಯಲ್ಲಿನ ಭಾರದ ಕಣಗಳು ಬೇರೆಯಾಗಿ ಟೊಳ್ಳಿನ ಹೊರಗೋಡೆಗೆ ಅಂಟುತ್ತವೆ. ಧೂಳು, ಮಸಿ, ಲೋಹದ ಪುಡಿ, ನೀರು ಎಲ್ಲ ಸೇರಿ ಕಪ್ಪು ಅಂಬಲಿಯಾಗುತ್ತದೆ. ವರ್ಷಗಳಾದ ಮೇಲೆ ಅದು ಒಣಗಿ ಜೇಡಿಮಣ್ಣಿನಂತೆ ಗಟ್ಟಿಯಾಗುತ್ತದೆ.

ಹಳೆಯ ಎಂಜಿನ್ ಬಿಚ್ಚುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹೊರಗಿನಿಂದ ಕ್ರಾಂಕ್‌ಶಾಫ್ಟ್ ಫಳಫಳ ಹೊಳೆಯುತ್ತದೆ, ಅಳತೆಯೂ ಸರಿ ಬರುತ್ತದೆ. ತುದಿಯ ಮುಚ್ಚಳಗಳನ್ನು ಬಿಚ್ಚುವುದು ರಗಳೆ ಎಂದು ಸೀಮೆಎಣ್ಣೆ ಹಾಯಿಸಿ, ಗಾಳಿ ಊದಿ, ಹೊಸ ಬೇರಿಂಗ್ ಹಾಕಿ ಮುಚ್ಚಿಬಿಡುತ್ತಾರೆ. ಆಮೇಲೆ ಇಂದಿನ ಡಿಟರ್ಜೆಂಟ್ ಬೆರೆತ ಎಣ್ಣೆ ಹುಯ್ಯುತ್ತಾರೆ. ಹಳೆಯ ಕಾಲದ ಎಣ್ಣೆ ಕೊಳೆಯನ್ನು ಕೂತಲ್ಲೇ ಬಿಡುತ್ತಿತ್ತು. ಹೊಸದು ಅದನ್ನು ಕರಗಿಸಿ ಎಬ್ಬಿಸುತ್ತದೆ. ಅರ್ಧ ಶತಮಾನ ಮಲಗಿದ್ದ ಜೇಡಿ ಎದ್ದು, ಹೊಸ ಬೇರಿಂಗ್‌ಗೆ ಎಣ್ಣೆ ಒಯ್ಯುವ ಸಣ್ಣ ತೂತಿಗೆ ಬಂದು ಕೂರುತ್ತದೆ. ನೂರು ಮೈಲಿ ಓಡುವುದರೊಳಗೆ ಬಡಿತದ ಸದ್ದು ಶುರು.

ಹರಳೆಣ್ಣೆಯ ಊರು

ನಿಂತ ಎಂಜಿನ್‌ನಲ್ಲಿ ಎಣ್ಣೆ ಏನಾಗುತ್ತದೆ ಎಂಬುದನ್ನು ತಿಳಿಯಲು ಹೈದರಾಬಾದಿಗೆ ಒಂದು ಹತ್ತಿರದ ಉದಾಹರಣೆ ಇದೆ. ನಿಜಾಮರ ಸಂಸ್ಥಾನ ಹರಳಿನ ಬೆಳೆಗೆ ಹೆಸರಾಗಿತ್ತು. ನಲ್ಗೊಂಡ, ಮಹಬೂಬ್‌ನಗರ ಕಡೆಯ ಕೆಂಪು ನೆಲದಲ್ಲಿ ಮಳೆಯನ್ನೇ ನಂಬಿದ ರೈತರು ಅದನ್ನು ಬೆಳೆಯುತ್ತಿದ್ದರು. ಇಂದಿಗೂ ಎಣ್ಣೆಬೀಜಗಳ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇರುವುದು ಹೈದರಾಬಾದಿನ ರಾಜೇಂದ್ರನಗರದಲ್ಲಿ, ಹರಳು ಅದರ ಮುಖ್ಯ ಬೆಳೆಗಳಲ್ಲೊಂದು.

ಹರಳೆಣ್ಣೆ ಲೋಹಕ್ಕೆ ಬಿಗಿಯಾಗಿ ಅಂಟುತ್ತದೆ, ಬಿಸಿಗೆ ಬೇಗ ತೆಳುವಾಗುವುದಿಲ್ಲ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಸಿ.ಸಿ. ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ಎಣ್ಣೆಯನ್ನು ಮಾರಲು ಹೊರಟಾಗ ಅದಕ್ಕಿಟ್ಟ ಹೆಸರು ಕ್ಯಾಸ್ಟ್ರಾಲ್. ಹರಳಿನ ಇಂಗ್ಲಿಷ್ ಹೆಸರೇ ಅದರಲ್ಲಿದೆ. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಎಂಜಿನ್ನೇ ಗಿರಗಿರ ತಿರುಗುವ ರೋಟರಿ ಯಂತ್ರಗಳಿದ್ದವು. ಅವುಗಳಿಗೆ ಹರಳೆಣ್ಣೆಯೇ ಬೇಕಿತ್ತು. ಬಳಸಿದ ಎಣ್ಣೆ ಹೊಗೆಯಾಗಿ ಪೈಲಟ್‌ಗಳ ಮುಖಕ್ಕೆ ರಾಚುತ್ತಿತ್ತು.

ಇಷ್ಟೆಲ್ಲ ಗುಣವಿದ್ದೂ ಸಾಮಾನ್ಯ ಕಾರುಗಳಿಗೆ ಹರಳೆಣ್ಣೆ ಒಗ್ಗಲಿಲ್ಲ. ಓಡುತ್ತಿರುವಷ್ಟು ಹೊತ್ತು ಅದರಂಥ ಎಣ್ಣೆ ಇಲ್ಲ. ಬಿಸಿಯಾಗಿ, ಗಾಳಿ ಸೋಕಿ, ಹಾಗೆಯೇ ನಿಂತರೆ ಅದು ಅಂಟಾಗುತ್ತದೆ, ಆಮೇಲೆ ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತದೆ. ಖನಿಜ ಎಣ್ಣೆಯೂ ಇದೇ ದಾರಿ ಹಿಡಿಯುತ್ತದೆ, ತುಸು ನಿಧಾನವಾಗಿ. ಹೈದರಾಬಾದಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹಿಂದೆಯೇ ಮುಂಗಾರಿನ ತೇವ. ಹಗಲು ಕಾದು ರಾತ್ರಿ ತಣಿಯುವ ಎಂಜಿನ್‌ನೊಳಗೆ ಗಾಳಿಯ ತೇವ ಹನಿಯಾಗಿ ಗೋಡೆಗೆ ಕೂರುತ್ತದೆ. ಓಡುವ ಎಂಜಿನ್ ಆ ನೀರನ್ನು ಆವಿಯಾಗಿಸಿ ಹೊರಹಾಕುತ್ತದೆ. ನಿಂತದ್ದು ಕುಡಿಯುತ್ತದೆ. ನೀರು, ಎಣ್ಣೆಯ ಹುಳಿ, ಮಸಿ ಸೇರಿ ಬೇರಿಂಗ್ ಮೇಲೆ ಕಚ್ಚುತ್ತವೆ. ಪಿಸ್ಟನ್‌ನ ಉಂಗುರಗಳು ತುಕ್ಕಿನಲ್ಲಿ ಸಿಲಿಂಡರಿಗೆ ಬೆಸೆದುಕೊಳ್ಳುತ್ತವೆ. ವರ್ಷಕ್ಕೊಮ್ಮೆ ಮೆರವಣಿಗೆಗೆಂದು ಎಬ್ಬಿಸಿ, ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಆಗ ಹುಟ್ಟಿದ ನೀರೂ ಒಳಗೇ ಉಳಿಯುತ್ತದೆ.

1967ರ ಗ್ಯಾರೇಜು

ಉಸ್ಮಾನ್ ಅಲಿ ಖಾನರನ್ನು ಜಗತ್ತಿನ ಅತಿ ಶ್ರೀಮಂತ ಎಂದು ಟೈಮ್ ಪತ್ರಿಕೆ 1937ರ ಫೆಬ್ರವರಿಯಲ್ಲಿ ಮುಖಪುಟಕ್ಕೆ ಹಾಕಿತ್ತು. ಮೂವತ್ತು ವರ್ಷಗಳ ನಂತರ ಅದೇ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಮೊಮ್ಮಗ ಮುಕರ್ರಂ ಜಾಹ್ ಅರಮನೆಗಳ ಲೆಕ್ಕ ನೋಡಲು ಕೂತರು. ಇತಿಹಾಸಕಾರ ವಿಲಿಯಂ ಡಾಲ್ರಿಂಪಲ್ ಬರೆದಿರುವಂತೆ ಸಿಬ್ಬಂದಿ ಮತ್ತು ಅವಲಂಬಿತರ ಸಂಖ್ಯೆಯೇ 14,718. ತೂಗುದೀಪಗಳ ಧೂಳು ಒರೆಸಲಿಕ್ಕೇ 38 ಜನ. ಗ್ಯಾರೇಜಿನಲ್ಲಿ 60 ಕಾರು, ಅವುಗಳ ಪೆಟ್ರೋಲ್ ಮತ್ತು ಬಿಡಿಭಾಗಕ್ಕೆಂದು ವರ್ಷಕ್ಕೆ ತೋರಿಸುತ್ತಿದ್ದ ಖರ್ಚು 45,000 ಪೌಂಡ್. ಓಡುವ ಸ್ಥಿತಿಯಲ್ಲಿದ್ದದ್ದು ನಾಲ್ಕು. ಹೊಸ ನಿಜಾಮರನ್ನು ಪಟ್ಟಾಭಿಷೇಕದಿಂದ ಕರೆದೊಯ್ಯಬೇಕಿದ್ದ ಲಿಮೊಸಿನ್ ದಾರಿಯಲ್ಲೇ ಕೆಟ್ಟಿತು.

ಎಂಜಿನ್ ಬಲ್ಲವರಿಗೆ ಈ ಚಿತ್ರ ಪರಿಚಿತ. ಡ್ಯಾಷ್‌ಬೋರ್ಡಿನ ಎಣ್ಣೆಯ ಗೇಜ್ ಅಳೆಯುವುದು ಪಂಪ್‌ಗೆ ಹತ್ತಿರದ ಒತ್ತಡವನ್ನು. ಅದು ಹರಿವನ್ನು ಅಳೆಯುವುದಿಲ್ಲ. ಮುಂದಿನ ದಾರಿ ಕಟ್ಟಿಕೊಂಡರೆ ಎಣ್ಣೆಗೆ ಹೋಗಲು ಎಡೆಯಿಲ್ಲದೆ ಒತ್ತಡ ಇನ್ನಷ್ಟು ಏರುತ್ತದೆ, ಮುಳ್ಳು ಖುಷಿಯಾಗಿ ಬಲಕ್ಕೆ ವಾಲುತ್ತದೆ. ಅದೇ ಹೊತ್ತಿಗೆ ಕೊನೆಯ ಬೇರಿಂಗ್ ಒಣಗಿ ಸಾಯುತ್ತಿರುತ್ತದೆ. ಖಜಾನೆಯ ಬಾಗಿಲಲ್ಲಿ 45,000 ಪೌಂಡಿನ ಒತ್ತಡವಿತ್ತು. ಕಾರಿನವರೆಗೆ ತಲುಪಿದ್ದು ಎಷ್ಟು ಎಂಬುದನ್ನು ಆ ನಾಲ್ಕು ಎಂಬ ಸಂಖ್ಯೆ ಹೇಳುತ್ತದೆ.

ಮುಕರ್ರಂ ಜಾಹ್‌ಗೆ ಎಂಜಿನ್‌ಗಳ ಹುಚ್ಚು ಇತ್ತೆಂಬುದು ಈ ಕಥೆಯ ವಿಚಿತ್ರ. ರಾಜಧನ 1971ರಲ್ಲಿ ರದ್ದಾದ ನಂತರ ಅವರು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಕುರಿಗಳ ದೊಡ್ಡ ಫಾರ್ಮ್ ಕೊಂಡರು. ಅಲ್ಲಿ ಬುಲ್‌ಡೋಜರ್ ಓಡಿಸುತ್ತ, ಯಂತ್ರಗಳ ಕೆಳಗೆ ಮಲಗಿ ರಿಪೇರಿ ಮಾಡುತ್ತ ದಿನ ಕಳೆದರು. ಹೈದರಾಬಾದಿನಲ್ಲಿ ಅವರ ಅರಮನೆಗಳೂ ಕಾರುಗಳೂ ಬೀಗದ ಹಿಂದೆ ನಿಂತೇ ಇದ್ದವು. ಚೌಮಹಲ್ಲಾದ ಜೀರ್ಣೋದ್ಧಾರ ನಡೆದದ್ದು ಈ ಶತಮಾನದ ಆರಂಭದಲ್ಲಿ, ಅವರ ಮೊದಲ ಪತ್ನಿ ರಾಜಕುಮಾರಿ ಎಸ್ರಾ ಮುಂದೆ ನಿಂತು ಮಾಡಿಸಿದಾಗ. 2010ರಲ್ಲಿ ಆ ಕೆಲಸಕ್ಕೆ ಯುನೆಸ್ಕೊದ ಮನ್ನಣೆ ಸಿಕ್ಕಿತು.

ಮುಳ್ಳು ಸೊನ್ನೆಯಲ್ಲಿ ನಿಂತಾಗ

ಇಂಥ ಕಾಲದ ಎಂಜಿನ್ ಒಂದನ್ನು ಬಿಚ್ಚಿ, ತೊಳೆದು, ಹೊಸ ಬಿಳಿ ಲೋಹ ಹೊಯ್ದು, ಮತ್ತೆ ಕಟ್ಟಿದ್ದಾಯಿತು ಎನ್ನೋಣ. ಹ್ಯಾಂಡಲ್ ತಿರುಗಿಸಿದರೆ ಎಣ್ಣೆಯ ಗೇಜಿನ ಮುಳ್ಳು ಅಲುಗುವುದಿಲ್ಲ. ಆತುರದವನು ಎಂಜಿನ್ ಶುರುಮಾಡಿದರೆ ಬರುತ್ತದೆ ಬಿಡು ಎನ್ನುತ್ತಾನೆ. ಅಷ್ಟರಲ್ಲಿ ತಿಂಗಳುಗಟ್ಟಲೆ ಮಾಡಿದ ಕೆಲಸ ಒರೆಸಿಹೋಗಿರುತ್ತದೆ. ತಿಳಿದವನು ಎಣ್ಣೆ ಹೊರಟ ಜಾಗದಿಂದ ಹಿಡಿದು ಅದು ಸೇರಬೇಕಾದ ಜಾಗದವರೆಗೆ, ಕಾಲುವೆಯ ನೀರಿನ ಹಿಂದೆ ನಡೆಯುವ ರೈತನಂತೆ, ಒಂದೊಂದೇ ಮಡೆಯನ್ನು ನೋಡುತ್ತ ಹೋಗುತ್ತಾನೆ.

ಮೊದಲನೆಯದು ತೊಟ್ಟಿ. ಎಣ್ಣೆಯ ಮಟ್ಟ ಸರಿಯಿದೆಯೇ, ಹೀರುವ ಬಾಯಿಯ ಜಾಲರಿಗೆ ಬಟ್ಟೆಯ ಚೂರು ಸಿಕ್ಕಿದೆಯೇ. ಒರೆಸಲು ಬಳಸಿದ ಹತ್ತಿಯ ಎಳೆಯೇ ಎಷ್ಟೋ ಎಂಜಿನ್‌ಗಳನ್ನು ಕೊಂದಿದೆ.

ಎರಡನೆಯದು ಪಂಪ್. ಹಲ್ಲುಗಾಲಿಗಳ ಪಂಪ್ ಒಣಗಿದ್ದರೆ ಗಾಳಿಯನ್ನು ಕಡೆಯುತ್ತದೆಯೇ ಹೊರತು ಎಣ್ಣೆಯನ್ನು ಎಳೆಯುವುದಿಲ್ಲ. ಹಲ್ಲಿನ ಸಂದಿಯನ್ನು ಎಣ್ಣೆಯೇ ಮುಚ್ಚಬೇಕು. ಬಾವಿಯ ಕೈಪಂಪಿಗೆ ಮೊದಲು ಒಂದು ಚೊಂಬು ನೀರು ಹುಯ್ಯುವ ಹಾಗೆ, ಜೋಡಿಸುವಾಗಲೇ ಅದರೊಳಗೆ ದಪ್ಪ ಎಣ್ಣೆಯನ್ನೋ ವ್ಯಾಸಲೀನನ್ನೋ ತುಂಬಬೇಕು. ಹೀರುವ ಪೈಪಿನ ಕೀಲಿನಲ್ಲಿ ಕೂದಲಿನಷ್ಟು ಬಿರುಕಿದ್ದರೂ ಗಾಳಿ ಸೇರುತ್ತದೆ. ಅಲ್ಲಿ ಒತ್ತಡ ಹೊರಗಿಗಿಂತ ಕಡಿಮೆ ಇರುವುದರಿಂದ ಎಣ್ಣೆ ತೊಟ್ಟಿಕ್ಕುವುದಿಲ್ಲ. ಹಾಗಾಗಿ ಈ ಸೋರಿಕೆ ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದು ರಿಲೀಫ್ ವಾಲ್ವ್. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ತೊಟ್ಟಿಗೆ ವಾಪಸು ಬಿಡುವ ಸ್ಪ್ರಿಂಗಿನ ಬಾಗಿಲು ಅದು. ಒಂದು ಕಣ ಸಿಕ್ಕಿ ಅದು ತೆರೆದೇ ಉಳಿದರೆ ಪಂಪ್ ಎಷ್ಟು ದುಡಿದರೂ ಎಣ್ಣೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಒತ್ತಡ ಕಡಿಮೆಯೆಂದು ಸ್ಪ್ರಿಂಗನ್ನು ಬಿಗಿ ಮಾಡುವವರಿದ್ದಾರೆ. ಅದು ಜ್ವರ ಇಳಿಸಲು ಥರ್ಮಾಮೀಟರ್ ತಿದ್ದಿದ ಹಾಗೆ.

ನಾಲ್ಕನೆಯದು ಬೇರಿಂಗ್‌ನ ಸಂದಿ. ಅಚ್ಚಿನ ದಪ್ಪ ಇಂಚಿಗೆ ಸಾವಿರದ ಒಂದು ಭಾಗ ಎಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ಎರಡು ಇಂಚಿನ ಅಚ್ಚಿಗೆ ಎರಡು ಸಾವಿರಾಂಶ ಇಂಚು, ತಲೆಗೂದಲಿಗಿಂತ ತುಸು ತೆಳು. ಇಲ್ಲಿ ರೆನಾಲ್ಡ್ಸ್‌ನ ಗಣಿತ ನಿಷ್ಠುರವಾಗಿದೆ. ಸಂದಿ ಎರಡರಷ್ಟಾದರೆ ಅದರ ಮೂಲಕ ಓಡಿಹೋಗುವ ಎಣ್ಣೆ ಎಂಟರಷ್ಟು. ಏಳು ಬೇರಿಂಗ್‌ಗಳಲ್ಲಿ ಪಂಪ್‌ಗೆ ಹತ್ತಿರದ ಒಂದು ಸಡಿಲವಿದ್ದರೂ ಸಾಕು, ಎಣ್ಣೆಯೆಲ್ಲ ಅಲ್ಲೇ ಚೆಲ್ಲಿ ಕಾಲುವೆಯ ಕೊನೆಯ ಹೊಲ ಒಣಗುತ್ತದೆ. ತಣ್ಣಗಿದ್ದಾಗ ಒತ್ತಡ ಚೆನ್ನಾಗಿದ್ದು, ಬಿಸಿಯಾದಂತೆ ಬಿದ್ದುಹೋಗುವುದು ಇದರ ಲಕ್ಷಣ. ಮೇ ತಿಂಗಳ ಹೈದರಾಬಾದಿನಲ್ಲಿ ಅದು ಬೇಗ ಗೊತ್ತಾಗುತ್ತದೆ.

ಕೊನೆಯದು ಗೇಜ್. ಅದರ ತೆಳು ಪೈಪಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿದ್ದರೂ ಮುಳ್ಳು ಸುಮ್ಮನಿರುತ್ತದೆ. ಆದರೆ ಗೇಜ್ ಸುಳ್ಳು ಹೇಳುತ್ತಿದೆ ಎಂದು ಮೊದಲೇ ತೀರ್ಮಾನಿಸುವುದು ಅಪಾಯ. ಅದನ್ನು ಎಲ್ಲಕ್ಕಿಂತ ಕೊನೆಗೆ ಅನುಮಾನಿಸಬೇಕು. ಅದು ಸರಿ ಹೇಳುತ್ತಿದೆ ಎಂದಾಗಲೂ ಪೂರ್ತಿ ನಂಬಬಾರದು.

ಹಾಗಾದರೆ ನಂಬುವುದು ಯಾವುದನ್ನು? ಕಣ್ಣನ್ನು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟರೆ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗ್ ಮೇಲೆ ಭಾರ ಬೀಳುವುದಿಲ್ಲ. ಕೆಳಗಿನ ತೊಟ್ಟಿಯನ್ನು ಕಳಚಿಟ್ಟು, ಒಂದು ಡಬ್ಬಿಯಿಂದ ಗಾಳಿಯ ಒತ್ತಡದಲ್ಲಿ ಎಣ್ಣೆಯ ದಾರಿಗೆ ಎಣ್ಣೆ ಕೊಟ್ಟು, ಕ್ರಾಂಕ್‌ಶಾಫ್ಟನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾರೆ. ಒಬ್ಬ ತಿರುಗಿಸುತ್ತಾನೆ, ಇನ್ನೊಬ್ಬ ಟಾರ್ಚ್ ಹಿಡಿದು ಕೆಳಗೆ ಮಲಗಿರುತ್ತಾನೆ. ಮೊದಲು ಹತ್ತಿರದ ಬೇರಿಂಗ್‌ನ ಅಂಚಿನಲ್ಲಿ ಒಂದು ಹನಿ ಮೂಡುತ್ತದೆ. ಆಮೇಲೆ ಎರಡನೆಯದರಲ್ಲಿ, ಮೂರನೆಯದರಲ್ಲಿ. ಯಾವುದರಲ್ಲಿ ಹನಿ ಬರುವುದಿಲ್ಲವೋ ಅಲ್ಲಿ ದಾರಿ ಕಟ್ಟಿದೆ, ಯಾವುದರಲ್ಲಿ ಧಾರೆ ಸುರಿಯುತ್ತದೆಯೋ ಅಲ್ಲಿ ಸಂದಿ ಹೆಚ್ಚಿದೆ. ಏಳೂ ಕಡೆ, ಆರೂ ರಾಡುಗಳ ಬುಡದಲ್ಲಿ, ಹೆಚ್ಚುಕಡಿಮೆ ಒಂದೇ ಲಯದಲ್ಲಿ ಹನಿ ಬೀಳುವವರೆಗೆ ಬೆಂಕಿ ಕೊಡುವಂತಿಲ್ಲ.

ದಿನವೂ ಓಡಿದ ಬಸ್ಸು

ಹೈದರಾಬಾದಿನಲ್ಲಿ ಆ ಕಾಲದ ಇನ್ನೊಂದು ವಾಹನವೂ ಉಳಿದಿದೆ. ನಿಜಾಮರ ರೈಲ್ವೆ 1932ರ ಜೂನ್‌ನಲ್ಲಿ ಒಂದು ರಸ್ತೆ ಸಾರಿಗೆ ವಿಭಾಗ ತೆರೆಯಿತು. 27 ಬಸ್ಸು, 166 ನೌಕರರು. ಬಸ್ಸುಗಳು ಗ್ಲಾಸ್ಗೊದ ಆಲ್ಬಿಯನ್ ಕಂಪನಿಯವು. ಅವುಗಳ ನಂಬರಿನಲ್ಲಿ ಬರುವ ‘ಝಡ್’ ಅಕ್ಷರ ನಿಜಾಮರ ತಾಯಿ ಝಹ್ರಾ ಬೇಗಂ ನೆನಪಿಗೆ ಎಂದು ಹೈದರಾಬಾದಿಗರು ಹೇಳುತ್ತಾರೆ. ಮುಶೀರಾಬಾದಿನ ಬಸ್ ಭವನದಲ್ಲಿ ಅಂಥದ್ದೊಂದು ಆಲ್ಬಿಯನ್ ಬಸ್ಸನ್ನು ಕಾಪಾಡಿ ಇಟ್ಟಿದ್ದಾರೆ.

ಆ ಬಸ್ಸುಗಳಿಗೆ ಸಿಂಹಾಸನ ಇರಲಿಲ್ಲ. ಬಿಸಿಲಿರಲಿ, ಧೂಳಿರಲಿ, ಬೆಳಿಗ್ಗೆ ಹೊರಡಬೇಕಿತ್ತು. ಹೊರಡಬೇಕಾದರೆ ಡಿಪೋದಲ್ಲಿ ಯಾರೋ ಒಬ್ಬ ಎಣ್ಣೆಯ ಕಡ್ಡಿ ಎಳೆದು ನೋಡಬೇಕಿತ್ತು, ಕಪ್ಪಾದ ಎಣ್ಣೆ ಇಳಿಸಿ ಹೊಸದು ಹುಯ್ಯಬೇಕಿತ್ತು, ಸದ್ದು ಬದಲಾದರೆ ಬಿಚ್ಚಿ ನೋಡಬೇಕಿತ್ತು. ಇದು ಹೈದರಾಬಾದಿನ ಒಳಗೆ ಮಾತ್ರ ಬೆಳೆದ ವಿದ್ಯೆಯಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ನಿಜಾಮರ ರೈಲ್ವೆಯ ಬಸ್ ವಿಭಾಗ 1951ರಲ್ಲಿ ಹೈದರಾಬಾದ್ ರಾಜ್ಯ ಸರ್ಕಾರದ ಕೈಗೆ ಬಂತು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಈ ಕನ್ನಡ ಜಿಲ್ಲೆಗಳ ಸಾರಿಗೆ ಮೈಸೂರು ರಾಜ್ಯಕ್ಕೆ ಸೇರಿತು. ಆಂಧ್ರ, ತೆಲಂಗಾಣದ ಆರ್‌ಟಿಸಿಗಳು, ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ, ಎಲ್ಲದರ ಡಿಪೋಗಳಲ್ಲೂ ಎಣ್ಣೆಯ ಕಡ್ಡಿ ಎಳೆದು ನೋಡುವುದು ಮಾಮೂಲಿ ಕೆಲಸ. ಸೈಕಲ್ ಅಂಗಡಿಯಿಂದ ಲಾರಿ ಗ್ಯಾರೇಜಿನವರೆಗೆ ಆ ಭಾಗದ ಎಷ್ಟೋ ಕೈಗಳು ಪಳಗಿದ್ದು ಓಡುವ ಗಾಡಿಗಳ ಮೇಲೆ.

ಹಳೆಯ ಕಾರನ್ನು ಕಾಪಾಡುವುದು ಎಂದರೆ ಏನು ಎಂಬ ಪ್ರಶ್ನೆಗೆ ಈ ಎರಡು ವಾಹನಗಳ ನಡುವೆ ಉತ್ತರ ಇದೆ. ಬಣ್ಣ, ಚರ್ಮ, ಬೆಳ್ಳಿಯ ಹಿಡಿಗಳನ್ನು ಗಾಜಿನ ಹಿಂದೆ ಉಳಿಸಬಹುದು. ಎಂಜಿನ್ ಮಾತ್ರ ತಿರುಗಿದಷ್ಟು ದಿನ ಎಂಜಿನ್, ಆಮೇಲೆ ಅದೊಂದು ಎರಕದ ತುಂಡು. ಹಾಗೆಂದು ಅಪರೂಪದ ಕಾರನ್ನು ದಿನವೂ ಬೀದಿಗಿಳಿಸಲಾಗದು. ಅದರ ನಡುದಾರಿಯನ್ನು ಮೆಕ್ಯಾನಿಕ್‌ಗಳು ಬಲ್ಲರು. ಆಗಾಗ ಕೈಯಿಂದ ತಿರುಗಿಸುವುದು, ಶುರುಮಾಡುವುದಾದರೆ ಪೂರ್ತಿ ಬಿಸಿಯಾಗುವವರೆಗೆ ಓಡಿಸುವುದು, ಓಡಿಸಿದರೂ ಬಿಟ್ಟರೂ ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದು. ಇದಕ್ಕೆ ಹಣ ಹೆಚ್ಚು ಬೇಕಿಲ್ಲ. ಆ ಎಂಜಿನ್ ಒಳಗಿನ ದಾರಿ ಗೊತ್ತಿರುವ ಒಬ್ಬ ಮನುಷ್ಯ, ಅವನಿಂದ ಕಲಿಯುವ ಇನ್ನೊಬ್ಬ ಬೇಕು. ನಿಜಾಮರ ಗ್ಯಾರೇಜಿನಲ್ಲಿ ಹಣ ಹರಿದು, ಕಾರು ನಿಂತದ್ದು ಆ ಒಬ್ಬನ ಕೊರತೆಯಿಂದಲೇ ಇರಬೇಕು.

2023ರ ಜನವರಿಯಲ್ಲಿ ಮುಕರ್ರಂ ಜಾಹ್ ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಜನರ ದರ್ಶನಕ್ಕೆಂದು ಅವರ ದೇಹವನ್ನು ತಂದದ್ದು ಚೌಮಹಲ್ಲಾಕ್ಕೆ. ಅಲ್ಲಿಂದ ಮಕ್ಕಾ ಮಸೀದಿಗೆ ಕೊಂಡೊಯ್ದು ಪೂರ್ವಜರ ಪಕ್ಕದಲ್ಲಿ ಮಣ್ಣು ಮಾಡಿದರು. ಎಷ್ಟೋ ದಿನಗಳನ್ನು ಯಂತ್ರಗಳ ಕೆಳಗೆ ಕಳೆದ ಆ ಮನುಷ್ಯನನ್ನು ನೋಡಲು ಬಂದ ಜನ ಅರಮನೆಯಲ್ಲಿ ಹಳದಿ ಕಾರನ್ನೂ ನೋಡಿರಬಹುದು. ಅದರ ಮೀಟರು ಏನು ಹೇಳುತ್ತದೆಂದು ಎಲ್ಲರಿಗೂ ಗೊತ್ತು. ಅದರ ಕೊನೆಯ ಬೇರಿಂಗ್ ಏನು ಹೇಳುತ್ತದೆ ಎಂದು ತಿಳಿಯಬೇಕಾದರೆ ಯಾರಾದರೂ ಟಾರ್ಚ್ ಹಿಡಿದು ಕೆಳಗೆ ಮಲಗಬೇಕು, ಹನಿ ಬೀಳುವವರೆಗೆ ಕಾಯಬೇಕು.